ಕೀಲಿ ಕೈಗೆ, ಹೊಣೆ ಹೆಗಲಿಗೆ

ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣ. ಗಂಟೆಗಟ್ಟಲೆ ಮಡಚಿ ಕೂತ ಕಾಲುಗಳನ್ನು ಎಳೆದುಕೊಂಡು ಇಮಿಗ್ರೇಷನ್ ಸಾಲು ದಾಟಿ, ಬೆಲ್ಟಿನ ಮೇಲೆ ಬಂದ ಸೂಟ್‌ಕೇಸುಗಳನ್ನು ಎರಡೆರಡು ಸಲ ಎಣಿಸಿಕೊಂಡವರು ಏರ್‌ಟ್ರೇನ್ ಎಂಬ ಚಾಲಕನಿಲ್ಲದ ಪುಟ್ಟ ರೈಲಿನ ನೀಲಿ ಮಾರ್ಗ ಹಿಡಿಯುತ್ತಾರೆ. ಅದು ತಂದು ಬಿಡುವುದು ಬಾಡಿಗೆ ಕಾರುಗಳಿಗೆಂದೇ ಕಟ್ಟಿದ ಬಹುಮಹಡಿ ಕಟ್ಟಡಕ್ಕೆ. ಒಳಗೆ ಬ್ಯಾಂಕಿನಲ್ಲಿದ್ದಂತೆ ಸಾಲು ಕೌಂಟರುಗಳು, ಒಂದೊಂದಕ್ಕೂ ಒಂದೊಂದು ಬಣ್ಣದ ಬೋರ್ಡು. ಗೋಡೆ ಗಡಿಯಾರದಲ್ಲಿ ಮಧ್ಯಾಹ್ನ. ಬೆಂಗಳೂರಿನಿಂದ ಬಂದ ಮೈಗೆ ನಡುರಾತ್ರಿ.

ಕೌಂಟರಿನ ಹುಡುಗ ನಗುತ್ತಲೇ ಪಾಸ್‌ಪೋರ್ಟ್, ಡಿಎಲ್, ಕ್ರೆಡಿಟ್ ಕಾರ್ಡ್ ಕೇಳುತ್ತಾನೆ. ಆಮೇಲೆ ತಲೆ ಎತ್ತದೆ ಕೀಬೋರ್ಡ್ ಕುಟ್ಟುತ್ತಾ ಒಂದೇ ಉಸಿರಿನಲ್ಲಿ ಶುರು ಮಾಡುತ್ತಾನೆ. ಎಲ್‌ಡಿಡಬ್ಲ್ಯು ಬೇಕೆ? ಎಸ್‌ಎಲ್‌ಐ? ಪಿಎಐ? ರೋಡ್‌ಸೈಡ್? ಟೋಲ್ ಪ್ಯಾಕೇಜ್? ಟ್ಯಾಂಕ್ ತುಂಬ ಪೆಟ್ರೋಲ್ ಈಗಲೇ ಕೊಂಡುಬಿಡುತ್ತೀರಾ? ಗಂಡ ಹೆಂಡತಿಯ ಮುಖ ನೋಡುತ್ತಾನೆ. "ರೀ, ಎಲ್ಲಾದಕ್ಕೂ ಹೂಂ ಅಂದ್ಬಿಡಿ, ಆಮೇಲೆ ಯಾಕೆ ತಲೆನೋವು" ಎನ್ನುತ್ತಾಳೆ ಆಕೆ. ಹಿಂದೆ ಸೂಟ್‌ಕೇಸಿನ ಮೇಲೆ ಕೂತ ಮಗಳು, "ಅಪ್ಪಾ, ಎಲ್ಲಾದಕ್ಕೂ ಬೇಡ ಅನ್ನು" ಎನ್ನುತ್ತಾಳೆ. ಇಬ್ಬರದೂ ತಪ್ಪು. ಅದು ಗೊತ್ತಾಗುವುದು ಬಿಲ್ ಕೈಗೆ ಬಂದಾಗ, ಇಲ್ಲವೇ ಕಾರು ಎಲ್ಲಾದರೂ ಗುದ್ದಿದಾಗ.

ಗಾಡಿ ಮಾಡಿಕೊಂಡು ಹೋಗುವವರು ನಾವು

ನಮ್ಮಲ್ಲಿ ಬಾಡಿಗೆ ಕಾರು ಅಂದರೆ ಡ್ರೈವರ್ ಸಮೇತ ಬರುವ ಕಾರು. ಧರ್ಮಸ್ಥಳಕ್ಕೋ ಮಂತ್ರಾಲಯಕ್ಕೋ 'ಗಾಡಿ ಮಾಡಿಕೊಂಡು' ಹೋಗುತ್ತೇವೆ. ಕಿಲೋಮೀಟರಿಗೆ ಇಷ್ಟು, ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್, ಡ್ರೈವರ್ ಬಾಟಾ ಇಷ್ಟು ಎಂದು ಫೋನಿನಲ್ಲೇ ಮಾತು ಮುಗಿಯುತ್ತದೆ. ಟೈರ್ ಪಂಕ್ಚರ್ ಆದರೆ ಅದು ಅವನ ಪಾಡು. ಚಾರ್ಮಾಡಿ ಘಾಟಿಯಲ್ಲಿ ಮಂಜು ಇಳಿದರೆ ರಸ್ತೆ ಹುಡುಕಬೇಕಾದ್ದು ಅವನ ಕಣ್ಣು. ಪೊಲೀಸರು ಕೈ ಅಡ್ಡ ಹಾಕಿದರೆ ಕಾಗದ ಹಿಡಿದುಕೊಂಡು ಇಳಿಯುವವನೂ ಅವನೇ. ನಾವು ಹಿಂದಿನ ಸೀಟಿನಲ್ಲಿ ಚಕ್ಕುಲಿ ಡಬ್ಬಿ ತೆಗೆಯುತ್ತಿರುತ್ತೇವೆ.

ಸೆಲ್ಫ್ ಡ್ರೈವ್ ನಮ್ಮಲ್ಲಿ ಇಲ್ಲವೆಂದಲ್ಲ. ಅದಕ್ಕೆಂದೇ 1989ರ ರೆಂಟ್ ಎ ಕ್ಯಾಬ್ ಯೋಜನೆ ಇದೆ. ಲೈಸೆನ್ಸ್ ಬೇಕೆನ್ನುವವರ ಬಳಿ ಕನಿಷ್ಠ 50 ಕಾರು ಇರಬೇಕೆಂದು ಆ ಯೋಜನೆ ಹೇಳಿತ್ತು. ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ ಇಂಥ ಕಾರುಗಳ ಗುರುತು. 2013ರಲ್ಲಿ ಬೆಂಗಳೂರಿನಲ್ಲೇ ಶುರುವಾದ ಜೂಮ್‌ಕಾರ್ ಸೆಲ್ಫ್ ಡ್ರೈವನ್ನು ವಾರಾಂತ್ಯದ ಸಕಲೇಶಪುರ, ಚಿಕ್ಕಮಗಳೂರು ಪಯಣಿಗರಿಗೆ ರೂಢಿ ಮಾಡಿಸಿತು. ಆದರೂ ಮಧ್ಯವಯಸ್ಸು ದಾಟಿದ ನಮ್ಮಂಥವರ ತಲೆಯಲ್ಲಿ ಬಾಡಿಗೆ ಕಾರಿನ ಜೊತೆ ಒಬ್ಬ ಡ್ರೈವರ್ ಇನ್ನೂ ಕೂತೇ ಇದ್ದಾನೆ.

ವಿದೇಶದ ಕೌಂಟರಿನಲ್ಲಿ ಆ ಡ್ರೈವರ್ ಇಳಿದುಹೋಗುತ್ತಾನೆ. ಅವನ ಕಣ್ಣು, ಅವನ ಪಾಡು, ಅವನ ಮಾಲೀಕ ತಲೆಗೆ ಹಚ್ಚಿಕೊಳ್ಳುತ್ತಿದ್ದ ರಿಪೇರಿ ಖರ್ಚು, ಎಲ್ಲವೂ ಸಣ್ಣ ಅಕ್ಷರದ ಒಪ್ಪಂದದೊಳಗೆ ಸೇರಿಕೊಂಡು ನಿಮ್ಮ ಸಹಿಗೆ ಕಾಯುತ್ತಿರುತ್ತವೆ. ಆ ಹುಡುಗ ಕೇಳುವ ಪ್ರಶ್ನೆಗಳೆಲ್ಲ ಒಂದೇ ಪ್ರಶ್ನೆಯ ಬೇರೆ ಬೇರೆ ವೇಷ: ಏನಾದರೂ ಆದರೆ ದುಡ್ಡು ಕೊಡುವವರು ಯಾರು?

ಬಾಂಬರ್ ವಿಮಾನದೊಳಗೆ ಮೋಟಾರ್ ಸೈಕಲ್

ಕಾರನ್ನು ಹೀಗೆ ಬಾಡಿಗೆಗೆ ಬಿಡುವ ಕಸುಬಿಗೆ ನೂರು ವರ್ಷ ದಾಟಿದೆ. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಒಮಾಹಾದಲ್ಲಿ 1916ರಲ್ಲಿ ಜೋ ಸಾಂಡರ್ಸ್ ಎಂಬಾತ ತನ್ನ ಫೋರ್ಡ್ ಮಾಡೆಲ್ ಟಿ ಕಾರಿನ ಚಕ್ರಕ್ಕೆ ಮೈಲಿ ಲೆಕ್ಕ ಹಾಕುವ ಮೀಟರ್ ಕಟ್ಟಿ, ಮೈಲಿಗೆ 10 ಸೆಂಟಿನಂತೆ ಬಾಡಿಗೆಗೆ ಕೊಟ್ಟನಂತೆ. ಎರಡು ವರ್ಷದ ನಂತರ ಷಿಕಾಗೊದಲ್ಲಿ ವಾಲ್ಟರ್ ಜೇಕಬ್ಸ್ ಒಂದು ಡಜನ್ ಮಾಡೆಲ್ ಟಿ ಕಾರುಗಳಿಂದ ಶುರು ಮಾಡಿದ ಅಂಗಡಿಯನ್ನು 1923ರಲ್ಲಿ ಜಾನ್ ಹರ್ಟ್ಜ್ ಕೊಂಡರು. ಆ ಹೆಸರಿನ ಹಳದಿ ಬೋರ್ಡು ಇವತ್ತಿಗೂ ಜಗತ್ತಿನ ನಿಲ್ದಾಣಗಳಲ್ಲಿದೆ.

ಆಗೆಲ್ಲ ಬಾಡಿಗೆ ಕಾರಿನ ಅಂಗಡಿ ಇರುತ್ತಿದ್ದುದು ಊರ ಪೇಟೆಯಲ್ಲಿ, ರೈಲು ನಿಲ್ದಾಣದ ಆಸುಪಾಸಿನಲ್ಲಿ. ಅದನ್ನು ವಿಮಾನ ನಿಲ್ದಾಣಕ್ಕೆ ಗಟ್ಟಿಯಾಗಿ ಕಟ್ಟಿದವರು ವಾರನ್ ಏವಿಸ್. ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನ ಹಾರಿಸುತ್ತಿದ್ದ ಏವಿಸ್‌ಗೆ ಒಂದು ತಲೆನೋವಿತ್ತು. ಮೋಡದ ಮೇಲೆ ನೂರಾರು ಮೈಲಿ ಕ್ಷಣದಲ್ಲಿ ದಾಟಬಹುದು, ಇಳಿದ ಮೇಲೆ ಊರೊಳಗೆ ಹೋಗಲು ಗತಿಯಿಲ್ಲ. ಅದಕ್ಕೆ ಬಾಂಬ್ ಇಡುವ ಜಾಗದಲ್ಲಿ ಮೋಟಾರ್ ಸೈಕಲ್ ಒಂದನ್ನು ಇಟ್ಟುಕೊಂಡು ಹಾರುತ್ತಿದ್ದರಂತೆ. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಮಿಷಿಗನ್‌ನ ವಿಲ್ಲೋ ರನ್ ನಿಲ್ದಾಣದಲ್ಲಿ ಮೂರು ಕಾರಿಟ್ಟುಕೊಂಡು ಅಂಗಡಿ ತೆರೆದರು. ವಿಮಾನ ಇಳಿದವನಿಗೆ ಬಾಗಿಲಲ್ಲೇ ಕಾರು ಎಂಬ ಕಲ್ಪನೆ ಹುಟ್ಟಿದ್ದು ಹೀಗೆ, ಒಬ್ಬ ಪೈಲಟ್ಟನ ರೇಜಿಗೆಯಿಂದ.

ಈ ಕಂಪನಿಗಳ ನಿಜವಾದ ಲಾಭ-ನಷ್ಟ ಇರುವುದು ಕಾರು ಕೊಳ್ಳುವುದರಲ್ಲಿ, ಮಾರುವುದರಲ್ಲಿ. ಸಾವಿರಗಟ್ಟಲೆ ಕಾರನ್ನು ಸಗಟಿನಲ್ಲಿ ಕೊಂಡು, ವರ್ಷವೋ ಒಂದೂವರೆ ವರ್ಷವೋ ಓಡಿಸಿ, ಬೆಲೆ ಬೀಳುವ ಮೊದಲೇ ಮಾರುವುದು ಅವರ ಲೆಕ್ಕಾಚಾರ. ಕೊರೊನಾ ಬಂದಾಗ ಈ ಲೆಕ್ಕ ಉಲ್ಟಾ ಹೊಡೆಯಿತು. ಹರ್ಟ್ಜ್ 2020ರ ಮೇ ತಿಂಗಳಲ್ಲಿ ದಿವಾಳಿ ಅರ್ಜಿ ಹಾಕಿತು. ಎಲ್ಲರೂ ಕಾರು ಮಾರಿದರು. ಮರುವರ್ಷ ಪ್ರವಾಸಿಗರು ಒಮ್ಮೆಲೇ ಮರಳಿದಾಗ ಕೊಡಲು ಕಾರಿಲ್ಲ. ಹವಾಯಿ ದ್ವೀಪಗಳಲ್ಲಂತೂ ಜನ ಮನೆ ಸಾಮಾನು ಸಾಗಿಸುವ ಲಾರಿಗಳನ್ನು ಬಾಡಿಗೆಗೆ ಹಿಡಿದು ಬೀಚಿಗೆ ಹೋದರು.

ನಲವತ್ತು ಡಾಲರಿನ ಬೆನ್ನಿಗೆ ಬರುವುದು

ವೆಬ್‌ಸೈಟಿನಲ್ಲಿ ದಿನಕ್ಕೆ 40 ಡಾಲರ್ ಎಂದು ಕಂಡಿತು ಎಂದಿಟ್ಟುಕೊಳ್ಳಿ. ಏಳು ದಿನಕ್ಕೆ 280. ಬಿಲ್ಲಿನಲ್ಲಿ ಇದರ ಕೆಳಗೆ ನಾಲ್ಕೈದು ಸಾಲು ಇಳಿಯುತ್ತವೆ. ಮಾರಾಟ ತೆರಿಗೆ ಸರಿ, ಅದು ಎಲ್ಲ ಕಡೆಯೂ ಇದೆ. ಅದರ ಪಕ್ಕದಲ್ಲಿ ಅಮೆರಿಕದ ಬಹಳಷ್ಟು ನಿಲ್ದಾಣಗಳಲ್ಲಿ ಕನ್ಸೆಷನ್ ರಿಕವರಿ ಫೀ ಎಂಬ ಸಾಲೊಂದು ಕಾಣುತ್ತದೆ. ಶೇ 11.11. ಈ ವಿಚಿತ್ರ ಅಂಕಿ ಎಲ್ಲಿಂದ ಬಂತು?

ನಿಲ್ದಾಣದೊಳಗೆ ವ್ಯಾಪಾರ ಮಾಡಲು ಬಿಟ್ಟಿದ್ದಕ್ಕೆ ಪ್ರಾಧಿಕಾರ ಕಂಪನಿಯ ಒಟ್ಟು ವಸೂಲಿಯಲ್ಲಿ ಹತ್ತನೇ ಒಂದು ಪಾಲು ಕೇಳುತ್ತದೆ. ಕಂಪನಿ ಅದನ್ನು ಗ್ರಾಹಕನ ಮೇಲೆ ಹಾಕುತ್ತದೆ. ಆದರೆ ಹಾಗೆ ಹಾಕಿದ ಮೊತ್ತವೂ 'ಒಟ್ಟು ವಸೂಲಿ'ಯೊಳಗೇ ಬರುತ್ತದಲ್ಲ, ಅದರಲ್ಲೂ ಪ್ರಾಧಿಕಾರಕ್ಕೆ ಹತ್ತನೇ ಒಂದು ಪಾಲು ಹೋಗುತ್ತದೆ. ಹಾಗಾಗಿ ನೂರು ಡಾಲರಿಗೆ ಹತ್ತು ಸಾಲದು, 11.11 ಹಾಕಬೇಕು. 111.11ರ ಹತ್ತನೇ ಒಂದು ಪಾಲು 11.11, ಕಂಪನಿಯ ನೂರು ಹಾಗೇ ಉಳಿಯಿತು. ಹೈಸ್ಕೂಲ್ ಗಣಿತದ ಮೇಷ್ಟರು ಮೆಚ್ಚುವ ಲೆಕ್ಕ. ನಮ್ಮ 280ರ ಮೇಲೆ ಅದು 31 ಡಾಲರ್ ಚಿಲ್ಲರೆ.

ಇದಲ್ಲದೆ ಗ್ರಾಹಕ ಸೌಲಭ್ಯ ಶುಲ್ಕ. ನೀವು ಬಂದಿಳಿದ ಆ ಬಹುಮಹಡಿ ಕಟ್ಟಡ, ಅಲ್ಲಿಗೆ ಕರೆತರುವ ವ್ಯವಸ್ಥೆ ಇವುಗಳ ಖರ್ಚನ್ನು ಇಂಥ ಶುಲ್ಕದಿಂದ ಎತ್ತುವುದು ಅಲ್ಲಿನ ಪದ್ಧತಿ. ಕಾರಿನ ನೋಂದಣಿ ಖರ್ಚಿನ ಪಾಲು ಬೇರೆ. 25 ವರ್ಷದೊಳಗಿನವರು ಓಡಿಸಿದರೆ ದಿನಕ್ಕಿಷ್ಟು ಹೆಚ್ಚುವರಿ. ಒಂದೂರಲ್ಲಿ ಪಡೆದು ಇನ್ನೊಂದೂರಲ್ಲಿ ಬಿಟ್ಟರೆ ಅದಕ್ಕೂ ದಂಡದಂಥ ಶುಲ್ಕ. ಮಗುವಿನ ಸೀಟಿಗೆ ದಿನಬಾಡಿಗೆ. ಎರಡು ವಾರವಾದರೆ ಹೊಸ ಸೀಟನ್ನೇ ಕೊಳ್ಳಬಹುದಾದಷ್ಟು.

ಊರೊಳಗಿನ ಶಾಖೆಗಳಲ್ಲಿ ನಿಲ್ದಾಣದ ಈ ಶುಲ್ಕಗಳಿರುವುದಿಲ್ಲ. ಮಗನ ಮನೆಯಲ್ಲಿ ಎರಡು ದಿನ ನಿದ್ದೆ ತೀರಿಸಿಕೊಂಡು, ಹತ್ತಿರದ ಶಾಖೆಯಲ್ಲಿ ಕಾರು ಪಡೆಯುವುದು ಅಗ್ಗವೂ ಹೌದು, ಜಾಣತನವೂ ಹೌದು. ಜೆಟ್‌ಲ್ಯಾಗ್ ಹೊತ್ತ ತಲೆ ಸಹಿ ಹಾಕುವುದಕ್ಕೂ ಯೋಗ್ಯವಲ್ಲ, ಸ್ಟೀರಿಂಗ್ ಹಿಡಿಯುವುದಕ್ಕೂ ಅಲ್ಲ. ಒಂದೇ ತೊಡಕು, ಇಂಥ ಶಾಖೆಗಳಲ್ಲಿ ಹಲವು ಭಾನುವಾರ ಬಾಗಿಲು ಹಾಕಿರುತ್ತವೆ.

ನಷ್ಟ ಮನ್ನಾ ಎಂಬ ವಿಮೆಯಲ್ಲದ ವಿಮೆ

ಈಗ ಕೌಂಟರಿನ ಹುಡುಗ ಕೇಳಿದ ಆ ಮೂರಕ್ಷರಗಳಿಗೆ ಬರೋಣ. ಎಲ್‌ಡಿಡಬ್ಲ್ಯು, ಯುರೋಪಿನಲ್ಲಿ ಸಿಡಿಡಬ್ಲ್ಯು. ಕೊನೆಯ ಅಕ್ಷರ ವೇವರ್, ಅಂದರೆ ಮನ್ನಾ. ಇದು ಕಾನೂನಿನ ಕಣ್ಣಿನಲ್ಲಿ ವಿಮೆಯೇ ಅಲ್ಲ. ಕಾರಿಗೆ ಏಟಾದರೆ, ಕಳುವಾದರೆ ನಿಮ್ಮಿಂದ ವಸೂಲಿ ಮಾಡುವ ಹಕ್ಕನ್ನು ನಾವು ಬಿಟ್ಟುಕೊಡುತ್ತೇವೆ ಎಂದು ಕಂಪನಿ ಕೊಡುವ ಮಾತು, ಅಷ್ಟೇ. ಸಾಲ ಮನ್ನಾದ ಷರತ್ತುಗಳನ್ನು ಕಂಡ ರೈತ ಮನೆತನದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾತು ದೊಡ್ಡದು, 'ಇದು ಬಿಟ್ಟು' ಎಂಬ ಪಟ್ಟಿ ಇನ್ನೂ ದೊಡ್ಡದು.

ಟೈರು, ಗಾಜು, ಚಾವಣಿ, ಕಾರಿನ ತಳಭಾಗ ಇವು ಯುರೋಪಿನ ಎಷ್ಟೋ ಒಪ್ಪಂದಗಳಲ್ಲಿ ಮನ್ನಾದ ಹೊರಗೆ. ತಪ್ಪು ಇಂಧನ ತುಂಬಿಸಿ ಎಂಜಿನ್ ಕೆಟ್ಟರೆ ಹೊರಗೆ. ಕೀಲಿ ಕಳೆದರೆ ಹೊರಗೆ. ಕುಡಿದು ಓಡಿಸಿದರೆ ಹೊರಗೆ, ಅದು ನ್ಯಾಯವೇ. ಟಾರು ಕಾಣದ ರಸ್ತೆಗೆ ಇಳಿದರೆ ಹೊರಗೆ. ನಮ್ಮವರು ಹೆಚ್ಚು ಸಿಕ್ಕಿಬೀಳುವುದು ಇನ್ನೊಂದರಲ್ಲಿ: ಒಪ್ಪಂದದಲ್ಲಿ ಹೆಸರಿಲ್ಲದವರು ಓಡಿಸಿದರೆ ಮನ್ನಾ ಪೂರ್ತಿ ರದ್ದು. ಮಗ ತನ್ನ ಹೆಸರಲ್ಲಿ ಕಾರು ಪಡೆದಿರುತ್ತಾನೆ. ಖಾಲಿ ಹೈವೇ ಕಂಡು, "ಕೊಡೋ, ಒಂದರ್ಧ ಗಂಟೆ ನಾನೂ ನೋಡ್ತೀನಿ" ಎನ್ನುತ್ತಾರೆ ಅಪ್ಪ. ಆ ಅರ್ಧ ಗಂಟೆ ಅವರಿಗೂ ಮಗನಿಗೂ ಯಾವ ರಕ್ಷಣೆಯೂ ಇಲ್ಲ. ಇನ್ನೊಬ್ಬ ಚಾಲಕನ ಹೆಸರು ಸೇರಿಸಲು ಕೌಂಟರಿನಲ್ಲಿ ಎರಡು ನಿಮಿಷ ಸಾಕು, ಕೆಲವೆಡೆ ಸ್ವಲ್ಪ ಶುಲ್ಕ.

ಯುರೋಪಿನಲ್ಲಿ ಮೂಲ ದರದೊಳಗೇ ಈ ಮನ್ನಾ ಸೇರಿರುವುದು ವಾಡಿಕೆ. ಆದರೆ ಎಕ್ಸೆಸ್ ಎಂಬ ಒಂದು ಗೆರೆ ಇರುತ್ತದೆ. ಸಾವಿರ, ಎರಡು ಸಾವಿರ ಯೂರೊ ಇರುವುದು ಸಾಮಾನ್ಯ. ಅಷ್ಟರವರೆಗಿನ ಪೆಟ್ಟು ನಿಮ್ಮದು, ಅದರಾಚೆಯದು ಕಂಪನಿಯದು. ಕೌಂಟರಿನ ಹುಡುಗ ಮಾರಲು ನೋಡುವುದು ಈ ಗೆರೆಯನ್ನು ಸೊನ್ನೆಗೆ ಇಳಿಸುವ ಪ್ಯಾಕೇಜನ್ನು. ಅದೇ ರಕ್ಷಣೆಯನ್ನು ಸ್ವತಂತ್ರ ವಿಮಾ ಕಂಪನಿಗಳು ಹೊರಡುವ ಮೊದಲೇ ಬಹಳ ಕಡಿಮೆಗೆ ಮಾರುತ್ತವೆ. ಅಲ್ಲಿ ಮೊದಲು ನಿಮ್ಮ ಕಾರ್ಡಿನಿಂದ ಹಣ ಹೋಗಿ, ಆಮೇಲೆ ವಿಮೆಯವರಿಂದ ವಾಪಸ್ ಪಡೆಯಬೇಕು ಎಂಬುದಷ್ಟೇ ವ್ಯತ್ಯಾಸ. ಭಾರತದಲ್ಲಿ ಕೊಳ್ಳುವ ಪ್ರವಾಸ ವಿಮೆ ಸಾಮಾನ್ಯವಾಗಿ ಆಸ್ಪತ್ರೆಗೆ, ಕಳೆದ ಲಗೇಜಿಗೆ. ಗೀರು ಬಿದ್ದ ಕಾರಿಗೆ ಅದನ್ನು ನಂಬಿ ಕೂರಬೇಡಿ.

ಇಷ್ಟೆಲ್ಲ ಕಾರಿನ ಮಾತಾಯಿತು. ನನ್ನ ಮಟ್ಟಿಗೆ ನಿಜಕ್ಕೂ ಹೆದರಬೇಕಾದ್ದು ಎಸ್‌ಎಲ್‌ಐ, ಅಂದರೆ ಎದುರಿನವರಿಗೆ ಆಗುವ ಹಾನಿಯ ವಿಮೆ, ಇಲ್ಲದಿರುವುದಕ್ಕೆ. ನಮ್ಮ ದೇಶದ ಥರ್ಡ್ ಪಾರ್ಟಿ ವಿಮೆಯಲ್ಲಿ ಸಾವು, ಗಾಯಕ್ಕೆ ಕೋರ್ಟ್ ಎಷ್ಟೇ ಪರಿಹಾರ ನಿಗದಿ ಮಾಡಿದರೂ ವಿಮಾ ಕಂಪನಿ ಕೊಡಬೇಕು. ಮಿತಿ ಇರುವುದು ಆಸ್ತಿ ನಷ್ಟಕ್ಕೆ ಮಾತ್ರ, 7.5 ಲಕ್ಷ ರೂಪಾಯಿ. ಅಮೆರಿಕದಲ್ಲಿ ಹಾಗಿಲ್ಲ. ಅಲ್ಲಿ ರಾಜ್ಯದ ಕಾನೂನು ಒಂದು ಕನಿಷ್ಠ ಮೊತ್ತ ಹೇಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ವ್ಯಕ್ತಿಯ ಗಾಯಕ್ಕೆ ಅದು 15,000 ಡಾಲರ್ ಇತ್ತು. ದಶಕಗಳ ಕಾಲ ಅಲುಗದೆ ಕೂತಿದ್ದ ಆ ಅಂಕಿ 30,000ಕ್ಕೆ ಏರಿದ್ದು 2025ರ ಜನವರಿಯಲ್ಲಿ. ಅಲ್ಲಿನ ಆಸ್ಪತ್ರೆ ಬಿಲ್ ಕಂಡವರಿಗೆ ಈ ಮೊತ್ತ ಎಷ್ಟು ದಿನಕ್ಕೆ ಸಾಕಾಗುತ್ತದೆ ಎಂಬುದು ಗೊತ್ತು. ಬಾಡಿಗೆಯ ಮೂಲ ದರದಲ್ಲಿ ಆ ಕನಿಷ್ಠವೂ ಸೇರಿದೆ ಎಂದು ಅಂದುಕೊಳ್ಳುವಂತಿಲ್ಲ.

ಕಾರಿನ ಒಡೆಯ ಕಂಪನಿಯೇ ತಾನೆ, ಅವರೇ ಕೊಡಲಿ ಎನ್ನುವಂತೆಯೂ ಇಲ್ಲ. ಒಡೆತನವೊಂದೇ ಕಾರಣಕ್ಕೆ ಬಾಡಿಗೆ ಕಂಪನಿಯನ್ನು ಅಪಘಾತಕ್ಕೆ ಹೊಣೆ ಮಾಡುವಂತಿಲ್ಲ ಎಂದು 2005ರಲ್ಲಿ ಅಮೆರಿಕದ ಸಂಸತ್ತೇ ಕಾನೂನು ಮಾಡಿದೆ. ಗ್ರೇವ್ಸ್ ತಿದ್ದುಪಡಿ ಎಂದು ಅದರ ಹೆಸರು. ಆದ್ದರಿಂದ ಅಮೆರಿಕದ ಮಟ್ಟಿಗೆ ನನ್ನ ಸಲಹೆ ಹೀಗೆ: ಎಲ್‌ಡಿಡಬ್ಲ್ಯು ಮತ್ತು ಎಸ್‌ಎಲ್‌ಐ ಎರಡೂ ಇರಲಿ, ನಿಮ್ಮದೇ ಅಪಘಾತ ವಿಮೆಯಾದ ಪಿಎಐ ಮೊದಲಾದ ಉಳಿದವಕ್ಕೆ ಬೇಡ ಅನ್ನಿ. ಬುಕ್ ಮಾಡುವಾಗ ವಾಸದ ದೇಶ ಭಾರತ ಎಂದು ಸರಿಯಾಗಿ ನಮೂದಿಸಿದರೆ, ಇವೆರಡೂ ಸೇರಿದ ದರವನ್ನು ಹಲವು ಕಂಪನಿಗಳು ತೋರಿಸುತ್ತವೆ. ಕೌಂಟರಿನಲ್ಲಿ ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಅದು ಎಷ್ಟೋ ಅಗ್ಗ.

ಈ ಗೊಂದಲದ ಬಗ್ಗೆ ಗ್ರಾಹಕರ ಕೂಗು ಕೇಳಿಸದೇ ಹೋಗಿಲ್ಲ. ಏವಿಸ್-ಬಜೆಟ್, ಎಂಟರ್‌ಪ್ರೈಸ್, ಯುರೋಪ್‌ಕಾರ್, ಹರ್ಟ್ಜ್, ಸಿಕ್ಸ್ಟ್ ಈ ಐದು ದೊಡ್ಡ ಕಂಪನಿಗಳು ಬೆಲೆ, ವಿಮೆ, ಹಾನಿಯ ಲೆಕ್ಕವನ್ನು ಸ್ಪಷ್ಟವಾಗಿ ಹೇಳುವುದಾಗಿ 2015ರಲ್ಲಿ ಯುರೋಪಿಯನ್ ಆಯೋಗಕ್ಕೆ ಮಾತು ಕೊಡಬೇಕಾಯಿತು.

ಕಾರ್ಡಿಗೆ ಬೀಳುವ ಬೀಗ

ಕಾರಿನ ಬಾಡಿಗೆ ಪೂರ್ತಿ ಮೊದಲೇ ಕಟ್ಟಿದ್ದರೂ ಕೌಂಟರಿನಲ್ಲಿ ಕ್ರೆಡಿಟ್ ಕಾರ್ಡ್ ಕೇಳಿಯೇ ಕೇಳುತ್ತಾರೆ. ಠೇವಣಿಯಾಗಿ ಒಂದಷ್ಟು ಮೊತ್ತಕ್ಕೆ ಬೀಗ ಹಾಕಲು. ಹಣ ಹೋಗುವುದಿಲ್ಲ, ಆದರೆ ಅಷ್ಟು ಮಿತಿ ನಿಮ್ಮ ಕೈಗೆ ಸಿಗುವುದಿಲ್ಲ. ಕಾರ್ಡು ಯಾರ ಹೆಸರಿನಲ್ಲಿದೆಯೋ ಒಪ್ಪಂದವೂ ಅವರ ಹೆಸರಿನಲ್ಲೇ ಇರಬೇಕು. ಬುಕಿಂಗ್ ಗಂಡನದು, ಕಾರ್ಡು ಹೆಂಡತಿಯದು ಎಂದರೆ ಒಪ್ಪುವುದಿಲ್ಲ. ನಮ್ಮವರು ಹೆಮ್ಮೆಯಿಂದ ತೆಗೆಯುವ ಫಾರೆಕ್ಸ್ ಕಾರ್ಡ್ ಅನೇಕ ಕೌಂಟರುಗಳಲ್ಲಿ ನಡೆಯುವುದಿಲ್ಲ.

ಇನ್ನೊಂದು ಬೀಗ ನಮ್ಮ ಮನೆಯದೇ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದಂತೆ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗಷ್ಟೇ ತೆರೆದಿರುತ್ತವೆ. ವಿದೇಶದ ಬಳಕೆಯನ್ನು ನಾವೇ ಆ್ಯಪ್‌ನಲ್ಲಿ ಚಾಲೂ ಮಾಡಬೇಕು. ಒಟಿಪಿ ಬರುವ ಸಿಮ್ ಬೆಂಗಳೂರಿನಲ್ಲೇ ಉಳಿದಿದ್ದರೆ ಕೌಂಟರಿನ ಮುಂದೆ ನಿಂತು ಅದನ್ನು ಮಾಡುವುದು ಕಷ್ಟ. ಯಂತ್ರದ ಮೇಲೆ "ರೂಪಾಯಿಯಲ್ಲೇ ಕೊಡುತ್ತೀರಾ?" ಎಂಬ ಪ್ರಶ್ನೆ ಮೂಡಿದರೆ ಬೇಡ ಅನ್ನಿ. ರೂಪಾಯಿ ಕಂಡು ಮನಸ್ಸು ಕರಗುತ್ತದೆ ನಿಜ, ಆದರೆ ಆ ವಿನಿಮಯ ದರ ಸಾಮಾನ್ಯವಾಗಿ ದುಬಾರಿ.

ಆರ್‌ಟಿಒ ಕೊಡುವ ಪುಟ್ಟ ಪುಸ್ತಕ

ಐಡಿಪಿ, ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್. ಹೆಸರು ಕೇಳಿದರೆ ದೊಡ್ಡ ಪರೀಕ್ಷೆ ಬರೆಯಬೇಕೇನೋ ಅನಿಸುತ್ತದೆ. ಅದು ನಿಮ್ಮ ಡಿಎಲ್‌ನ ಹಲವು ಭಾಷೆಗಳ ಅನುವಾದ ಮಾತ್ರ. 1949ರ ಜಿನೀವಾ ಒಪ್ಪಂದದ ನಮೂನೆಯಲ್ಲಿ ನಮ್ಮ ಸರ್ಕಾರ ಇದನ್ನು ಕೊಡುತ್ತದೆ. ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, 1,000 ರೂಪಾಯಿ ಕಟ್ಟಿ, ನಿಮ್ಮ ಆರ್‌ಟಿಒದಿಂದ ಪಡೆಯಬೇಕು. ಆಯಸ್ಸು ಒಂದು ವರ್ಷ. ಒಂಟಿಯಾಗಿ ಇದಕ್ಕೆ ಬೆಲೆಯಿಲ್ಲ. ಮೂಲ ಡಿಎಲ್ ಜೊತೆಗಿರಲೇಬೇಕು. ಇದೇ ಹೆಸರಿನಲ್ಲಿ ಡಾಲರಿಗೆ 'ಅಂತರರಾಷ್ಟ್ರೀಯ ಲೈಸೆನ್ಸ್' ಮಾರುವ ಖಾಸಗಿ ವೆಬ್‌ಸೈಟುಗಳಿವೆ. ಆ ಕಾಗದಕ್ಕೆ ಎಲ್ಲೂ ಮಾನ್ಯತೆಯಿಲ್ಲ.

ಬ್ರಿಟನ್‌ನಲ್ಲಿ ನಮ್ಮ ಡಿಎಲ್ ಮೇಲೆ ಒಂದು ವರ್ಷದವರೆಗೆ ಕಾರು ಓಡಿಸಬಹುದು. ಕ್ಯಾಲಿಫೋರ್ನಿಯಾವೂ ಪ್ರವಾಸಿಗರಿಂದ ಐಡಿಪಿ ಕೇಳುವುದಿಲ್ಲ. ಇಟಲಿಯಲ್ಲಿ ಐಡಿಪಿ ಅಥವಾ ಅಧಿಕೃತ ಅನುವಾದ ಬೇಕು. ಜಪಾನಿನಲ್ಲಿ 1949ರ ನಮೂನೆಯ ಐಡಿಪಿ ಇಲ್ಲದೆ ಕೀಲಿ ಮುಟ್ಟುವಂತಿಲ್ಲ. ಚೀನಾದಲ್ಲಿ ಐಡಿಪಿ ನಡೆಯುವುದೇ ಇಲ್ಲ. ಸರ್ಕಾರ ಕೇಳದಿದ್ದರೂ ಬಾಡಿಗೆ ಕಂಪನಿ ಕೇಳಬಹುದು. ಸಾವಿರ ರೂಪಾಯಿಯ ಈ ವಿಷಯದಲ್ಲಿ ಜಿಪುಣತನ ಬೇಡ.

ಎಡಗೈ ಬಾಗಿಲಿಗೆ ಬಡಿಯುವುದು

ಬುಕಿಂಗ್ ಕಾಗದದಲ್ಲಿ ಕಾರಿನ ಹೆಸರಿನ ಮುಂದೆ 'ಅಥವಾ ಅಂಥದ್ದೇ' ಎಂದಿರುತ್ತದೆ. ನೀವು ಪಡೆದದ್ದು ಕಾರಲ್ಲ, ಒಂದು ವರ್ಗ. ಆ ವರ್ಗಕ್ಕೆ ನಾಲ್ಕಕ್ಷರದ ಸಂಕೇತವಿದೆ. ಇ-ಸಿ-ಎಂ-ಆರ್ ಎಂದರೆ ಇಕಾನಮಿ, ಸಾಧಾರಣ ಕಾರು, ಮ್ಯಾನುಯಲ್ ಗೇರು, ಎ.ಸಿ. ಇದೆ ಎಂದರ್ಥ. ಮೂರನೆಯ ಅಕ್ಷರ 'ಎಂ' ಬದಲು 'ಎ' ಆದರೆ ಆಟೊಮ್ಯಾಟಿಕ್. ಅಮೆರಿಕದಲ್ಲಿ ಬಹುತೇಕ ಎಲ್ಲವೂ 'ಎ'. ಯುರೋಪಿನಲ್ಲಿ ಅಗ್ಗದ ವರ್ಗಗಳು ಹೆಚ್ಚಾಗಿ 'ಎಂ'.

ನಮಗೇನು ಗೇರು ಹೊಸದೇ ಎನ್ನಬೇಡಿ. ಸ್ಟೀರಿಂಗ್ ಎಡಕ್ಕಿರುವ ಕಾರಿನಲ್ಲಿ ಗೇರು ಬಲಗೈಗೆ ಬರುತ್ತದೆ. ಮೂವತ್ತು ವರ್ಷ ಎಡಗೈಯಲ್ಲಿ ಗೇರು ಬದಲಿಸಿದ ಅಭ್ಯಾಸಕ್ಕೆ ಎಡಗೈ ತಾನಾಗಿಯೇ ಚಾಚಿ ಬಾಗಿಲಿಗೆ ಬಡಿಯುತ್ತದೆ. ಬಲಗೈಗೆ ತನ್ನ ಕೆಲಸವೇ ನೆನಪಾಗುವುದಿಲ್ಲ. ಮಾರುತಿ, ಹ್ಯುಂಡೈ ಓಡಿಸಿದವರಿಗೆ ಇಂಡಿಕೇಟರ್ ಕಡ್ಡಿ ಬಲಗಡೆ, ಅಲ್ಲಿ ಎಡಗಡೆ. ಮೊದಲ ದಿನ ಪ್ರತಿ ತಿರುವಿನಲ್ಲೂ ಬಿಸಿಲಲ್ಲಿ ವೈಪರ್ ಆಡಿಸುತ್ತಾ ಹೋಗುವ ಕಾರು ಕಂಡರೆ ಒಳಗಿರುವುದು ನಮ್ಮವರೇ ಎಂದು ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಕನ್ನಡಿಗರು ನಗುತ್ತಾರೆ. ರಸ್ತೆಯ ಎಡಬದಿಯಲ್ಲೇ ಓಡಿಸುವ ಬ್ರಿಟನ್, ನ್ಯೂಜಿಲೆಂಡ್, ಜಪಾನ್, ಮಲೇಷ್ಯಾ ಮೊದಲ ಸಲಕ್ಕೆ ವಾಸಿ.

ಬಂಕಿನಲ್ಲೂ ಎಚ್ಚರ. ಅಮೆರಿಕದ ಪಂಪು ಕಾರ್ಡ್ ತೂರಿಸಿದೊಡನೆ ಅಂಚೆ ಪಿನ್ ಸಂಖ್ಯೆ ಕೇಳುತ್ತದೆ. ನಮ್ಮ ಆರಂಕಿ ಪಿನ್‌ಕೋಡ್ ಅದಕ್ಕೆ ಜೀರ್ಣವಾಗುವುದಿಲ್ಲ. ಒಳಗೆ ಹೋಗಿ ಪಂಪಿನ ನಂಬರ್ ಹೇಳಿ, 40 ಡಾಲರಿಗೆ ಎಂದು ಮುಂಗಡ ಕೊಟ್ಟರೆ ಕೆಲಸ ಆಗುತ್ತದೆ, ಮಿಕ್ಕಿದ್ದು ವಾಪಸ್. ಬ್ರಿಟನ್‌ನಲ್ಲಿ ಹಸಿರು ಹಿಡಿಕೆ ಪೆಟ್ರೋಲಿನದು, ಅಮೆರಿಕದ ಬಹುಪಾಲು ಬಂಕುಗಳಲ್ಲಿ ಹಸಿರು ಹಿಡಿಕೆ ಡೀಸೆಲಿನದು. ತಪ್ಪು ಇಂಧನ ಮನ್ನಾದ ಹೊರಗಿದೆ ಎಂಬುದು ನೆನಪಿದೆಯಲ್ಲ?

ಕ್ಯಾಮೆರಾ ಬರೆದಿಟ್ಟ ಲೆಕ್ಕ

ಗೋಲ್ಡನ್ ಗೇಟ್ ಸೇತುವೆಯಲ್ಲಿ 2013ರ ಮಾರ್ಚ್‌ನಿಂದ ಟೋಲ್ ತೆಗೆದುಕೊಳ್ಳಲು ಮನುಷ್ಯರಿಲ್ಲ. ಊರೊಳಗೆ ಬರುವ ದಿಕ್ಕಿನಲ್ಲಿ ಕ್ಯಾಮೆರಾ ನಂಬರ್ ಪ್ಲೇಟ್ ಓದಿಕೊಳ್ಳುತ್ತದೆ. ನೀವೇ ಆನ್‌ಲೈನಿನಲ್ಲಿ ಕಟ್ಟದಿದ್ದರೆ ಬಿಲ್ ಬಾಡಿಗೆ ಕಂಪನಿಗೆ, ಅಲ್ಲಿಂದ ಸೇವಾ ಶುಲ್ಕ ಸೇರಿ ನಿಮ್ಮ ಕಾರ್ಡಿಗೆ. ಒಂದೇ ಸಲ ಸೇತುವೆ ದಾಟುವವರು ದಿನಬಾಡಿಗೆಯ ಟೋಲ್ ಪ್ಯಾಕೇಜ್ ಕೊಂಡರೆ ಟೋಲಿಗಿಂತ ಪ್ಯಾಕೇಜೇ ಭಾರ.

ಸ್ವಿಟ್ಜರ್‌ಲೆಂಡಿನ ಬಾಸೆಲ್ ನಿಲ್ದಾಣದ ಕಥೆ ಇನ್ನೂ ಸ್ವಾರಸ್ಯ. ಅದು ಇರುವುದೇ ಫ್ರಾನ್ಸಿನ ನೆಲದಲ್ಲಿ. ಒಂದೇ ಕಟ್ಟಡಕ್ಕೆ ಸ್ವಿಸ್ ಬಾಗಿಲು, ಫ್ರೆಂಚ್ ಬಾಗಿಲು. ಸ್ವಿಸ್ ಬಾಗಿಲಿನ ಕಾರಿಗೆ ಅಲ್ಲಿನ ಹೆದ್ದಾರಿಗೆ ಬೇಕಾದ 40 ಫ್ರಾಂಕಿನ ವಾರ್ಷಿಕ ಚೀಟಿ ಇರುತ್ತದೆ. ಫ್ರೆಂಚ್ ಬಾಗಿಲಿನಲ್ಲಿ ಅಗ್ಗವಾಗಿ ಸಿಕ್ಕಿತೆಂದು ಕಾರು ಪಡೆದು ಚೀಟಿಯಿಲ್ಲದೆ ಸ್ವಿಸ್ ಹೆದ್ದಾರಿಗೆ ಇಳಿದರೆ ದಂಡ 200 ಫ್ರಾಂಕ್, ಚೀಟಿಯ ಬೆಲೆ ಬೇರೆ.

ಇಟಲಿಯದು ಎಲ್ಲಕ್ಕಿಂತ ಮೌನದ ಪೆಟ್ಟು. ಫ್ಲಾರೆನ್ಸ್‌ನಂಥ ಹಳೆಯ ಊರುಗಳ ನಡುಭಾಗಕ್ಕೆ ಹೊರಗಿನ ಕಾರುಗಳಿಗೆ ಪ್ರವೇಶವಿಲ್ಲ. ಗೇಟಿಲ್ಲ, ಪೊಲೀಸರಿಲ್ಲ, ಕೆಂಪು ವೃತ್ತದ ಒಂದು ಬೋರ್ಡು, ಮೇಲೊಂದು ಕ್ಯಾಮೆರಾ. ದಾರಿ ತಪ್ಪಿ ಒಳಗೆ ಹೊಕ್ಕರೂ ದಂಡ. ಮೊದಲು ಬಾಡಿಗೆ ಕಂಪನಿ ನಿಮ್ಮ ವಿಳಾಸವನ್ನು ಪೊಲೀಸರಿಗೆ ಕೊಟ್ಟ ಕೂಲಿ ಎಂದು ಕಾರ್ಡಿನಿಂದ ಹಣ ತೆಗೆಯುತ್ತದೆ. ತಿಂಗಳುಗಳ ಮೇಲೆ, ನೀವು ಪ್ರವಾಸದ ಫೋಟೊಗಳನ್ನೂ ಮರೆತ ಹೊತ್ತಿಗೆ, ಮನೆಗೆ ಲಕೋಟೆ ಬರುತ್ತದೆ. ವಿದೇಶದಲ್ಲಿ ವಾಸಿಸುವವರಿಗೆ ನೋಟಿಸ್ ಕಳಿಸಲು ಅಲ್ಲಿನ ಕಾನೂನು 360 ದಿನ ಕೊಟ್ಟಿದೆ.

ಸುತ್ತು ಬಂದು ತೆಗೆದ ವಿಡಿಯೊ

ನನ್ನದೇ ಒಂದು ಅನುಭವ ಹೇಳುತ್ತೇನೆ. ಕಾರು ಮರಳಿಸಿ ಊರಿಗೆ ಬಂದು ಮೂರು ವಾರವಾಗಿತ್ತು. ಮುಂದಿನ ಎಡ ಚಕ್ರದ ರಿಮ್ಮಿನಲ್ಲಿ ಗೀರು ಬಿದ್ದಿದೆ, ಇಷ್ಟು ಡಾಲರ್ ಎಂದು ಕಂಪನಿಯಿಂದ ಮೇಲ್ ಬಂತು. ಕಾರು ಪಡೆದ ದಿನ, ಪಾರ್ಕಿಂಗ್ ಕಟ್ಟಡದ ಮಬ್ಬು ಬೆಳಕಿನಲ್ಲಿ, ಹೆಂಡತಿ ಗೊಣಗುತ್ತಿದ್ದರೂ ಕಾರಿನ ಸುತ್ತ ಬಂದು ಮೂರು ನಿಮಿಷದ ವಿಡಿಯೊ ತೆಗೆದಿದ್ದೆ. ನಾಲ್ಕು ಚಕ್ರ, ಬಂಪರಿನ ಕೆಳಭಾಗ, ಗಾಜು, ಮೀಟರಿನಲ್ಲಿ ಮೈಲಿ ಮತ್ತು ಪೆಟ್ರೋಲ್ ಮಟ್ಟ. ಅದೇ ರಿಮ್ಮು, ಅದೇ ಗೀರು ಅದರಲ್ಲಿ ಸ್ಪಷ್ಟವಾಗಿತ್ತು. ವಿಡಿಯೊ ಕಳಿಸಿದೆ. ಎರಡು ದಿನದಲ್ಲಿ ಒಂದು ಸಾಲಿನ ಉತ್ತರ ಬಂತು, ಶುಲ್ಕ ಕೈಬಿಡಲಾಗಿದೆ ಎಂದು. ಕ್ಷಮೆಯ ಮಾತೇನೂ ಇರಲಿಲ್ಲ.

ಕಾರು ಕೈಗೆ ಬಂದಾಗ ಹಳೆಯ ಗೀರು, ನೆಗ್ಗುಗಳನ್ನು ಸಿಬ್ಬಂದಿಯಿಂದಲೇ ಬರೆಸಿಕೊಳ್ಳಿ. ಮರಳಿಸುವಾಗ ಟ್ಯಾಂಕ್ ತುಂಬಿಸಿ, ಹತ್ತಿರದ ಬಂಕಿನ ರಸೀದಿ ಇಟ್ಟುಕೊಳ್ಳಿ. ಕಚೇರಿ ಮುಚ್ಚಿದ ಮೇಲೆ ಕೀಲಿಯನ್ನು ಪೆಟ್ಟಿಗೆಗೆ ಹಾಕಿ ಓಡಬೇಡಿ. ಬೆಳಿಗ್ಗೆ ಅವರು ಬಂದು ನೋಡುವವರೆಗೆ ಆ ಕಾರು ನಿಮ್ಮ ತಲೆಯ ಮೇಲೇ ಇರುತ್ತದೆ. ಸಾಧ್ಯವಾದರೆ ಒಬ್ಬರು ಕಾರು ನೋಡಿ ಅಂತಿಮ ರಸೀದಿ ಕೊಡುವವರೆಗೆ ನಿಲ್ಲಿ. ವಿಮಾನಕ್ಕೆ ಹೊತ್ತಾಯಿತು ಎಂಬ ಗಡಿಬಿಡಿಯಲ್ಲೇ ಹೆಚ್ಚಿನ ಜಗಳಗಳ ಬೀಜ ಇರುವುದು.

ಕಾರ್ಡಿಗೆ ಹಾಕಿದ ಬೀಗ ತೆರೆಯಲು ಒಂದು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಅಲ್ಲಿಯವರೆಗೆ ಒಪ್ಪಂದದ ಪ್ರತಿ, ಬಂಕಿನ ರಸೀದಿ, ಫೋನಿನಲ್ಲಿರುವ ವಿಡಿಯೊ ಯಾವುದನ್ನೂ ಅಳಿಸಬೇಡಿ. ಇಟಲಿಗೆ ಹೋಗಿ ಬಂದಿದ್ದರೆ ಒಂದು ವರ್ಷ ಇಟ್ಟುಕೊಳ್ಳಿ.